ಕಾಫಿ ಕೊಯ್ಲಿಗೆ ಖಾಲಿಯಾಗೋ ಬೆಂಚು: ಹೈಸ್ಕೂಲ್ ಮಕ್ಕಳನ್ನ ಶಾಲೆಯಲ್ಲಿ ಉಳಿಸೋಕೆ ನಾಟಕ ಏನು ಮಾಡಬಹುದು?

ಬಾಳೂರು: ನಮ್ಮ ಹೋಬಳಿಯಲ್ಲಿ ಮಕ್ಕಳು ಶಾಲೆ ಬಿಡೋದಕ್ಕೂ ಒಂದು ಸೀಸನ್ ಇದೆ. ನವೆಂಬರ್ ಕಳೆಯೋ ಹೊತ್ತಿಗೆ ಅರೇಬಿಕಾ ಕೊಯ್ಲು ಜೋರಾಗ್ತದೆ. ಅದು ಮುಗೀತು ಅನ್ನುವಾಗ ಜನವರಿಯಿಂದ ರೊಬಸ್ಟಾ, ಅದು ಮಾರ್ಚ್ ತನಕ ಎಳೀತದೆ. ಹಣ್ಣು ಕೊಯ್ಲಿಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡೋ ಕಡೆ ಮನೆಯಲ್ಲಿ ಎಷ್ಟು ಕೈ ಇದೆಯೋ ಅಷ್ಟು ಸಂಪಾದನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಬರೋದು ಅದೇ ಮಾರ್ಚ್ ಸುಮಾರಿಗೇ.

ಲೈನ್ ಮನೆ ಹುಡುಗ ಮೊದಲು ಒಂದು ಶನಿವಾರ ತಪ್ಪಿಸ್ತಾನೆ. ಆಮೇಲೆ ಸೋಮವಾರವೂ ಬರಲ್ಲ. ಹುಡುಗಿಯಾದರೆ ತಮ್ಮನನ್ನ ನೋಡಿಕೊಳ್ಳೋಕೆ ಮನೆಯಲ್ಲಿ ಉಳೀತಾಳೆ. ಹದಿನೈದು ದಿನ ಬಿಟ್ಟು ಬಂದರೆ ಗಣಿತದಲ್ಲಿ ಎರಡು ಪಾಠ ಮುಂದೆ ಹೋಗಿರ್ತದೆ, ಮೇಷ್ಟ್ರು ಎದ್ದು ನಿಲ್ಲಿಸ್ತಾರೆ, ಮರುದಿನ ಬರೋಕೆ ಮನಸ್ಸಾಗಲ್ಲ. ಡಿಗ್ರಿ ಮಧ್ಯದಲ್ಲೇ ಬಿಟ್ಟವನು ನಾನು, ಹಾಗಾಗಿ ಇಷ್ಟು ಗೊತ್ತು: ಯಾರೂ ಒಂದು ದಿನ ಕೂತು ಯೋಚನೆ ಮಾಡಿ ಓದು ಬಿಡಲ್ಲ. ಒಂದೊಂದೇ ದಿನ ತಪ್ಪಿಸ್ತಾ ತಪ್ಪಿಸ್ತಾ ಒಂದು ದಿನ ನೋಡಿದರೆ ಬಿಟ್ಟಾಗಿರ್ತದೆ.

ಹೀಗೆ ಜಾರೋ ಮಕ್ಕಳನ್ನ ಹಿಡಿದು ನಿಲ್ಲಿಸೋಕೆ ಬೇರೆ ಬೇರೆ ಊರುಗಳಲ್ಲಿ ಬಳಕೆಯಾದ ದಾರಿಗಳಲ್ಲಿ ನಾಟಕವೂ ಒಂದು. ಅದು ಹೇಗೆ ಕೆಲಸ ಮಾಡ್ತದೆ, ಕರ್ನಾಟಕದಲ್ಲಿ ಎಲ್ಲೆಲ್ಲಿ ಏನಾಗಿದೆ, ನಮ್ಮ ಕಡೆ ಮಾಡೋದಾದರೆ ಯಾವ ತಿಂಗಳು ಏನು ಮಾಡಬೇಕು ಅನ್ನೋ ಮಾಹಿತಿ ಇಲ್ಲಿದೆ. ಶಾಲೆಯವರಿಗೆ, ಎಸ್‌ಡಿಎಂಸಿಯವರಿಗೆ, ಅಂಗಡಿಯವರಿಗೆ, ತೋಟದ ಮಾಲೀಕರಿಗೆ ಉಪಯೋಗ ಆಗಬಹುದು.

ಕಾನೂನು ಕೈಬಿಡೋ ವಯಸ್ಸು

ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಿಂದ. ಅದು 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ಕ್ಲಾಸಿನ ತನಕ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯ್ತು. 14 ವರ್ಷದ ಒಳಗಿನವರನ್ನ ಕೆಲಸಕ್ಕೆ ಇಟ್ಟುಕೊಳ್ಳೋ ಹಾಗೇ ಇಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯ ಕೆಲಸಕ್ಕೆ ಕೈ ಜೋಡಿಸೋದಕ್ಕೆ ವಿನಾಯಿತಿ ಇದೆ. 14ರಿಂದ 18ರವರಿಗೆ ನಿಷೇಧ ಇರೋದು ಅಪಾಯಕಾರಿ ಕೆಲಸಗಳಿಗಷ್ಟೇ. ತೋಟ ಕಾರ್ಮಿಕರ ಮಕ್ಕಳ ಶಾಲೆ ಬಗ್ಗೆ ಮಾತಾಡಿದ 1951ರ ಪ್ಲಾಂಟೇಶನ್ ಕಾಯ್ದೆ ಕೂಡ ಯೋಚಿಸಿದ್ದು 6ರಿಂದ 12 ವರ್ಷದವರ ಬಗ್ಗೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಒಂಬತ್ತು, ಹತ್ತನೇ ಕ್ಲಾಸಿನ ಹದಿನೈದು ವರ್ಷದ ಹುಡುಗ ಮೂರಕ್ಕೂ ಹೊರಗೆ ಬೀಳ್ತಾನೆ. ಅವನು ಶಾಲೆಗೆ ಬರಲೇಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಅವನಿಗೇ ಬರಬೇಕು ಅನ್ನಿಸಬೇಕು. ಹಾಗೆ ಅನ್ನಿಸೋಕೆ ಶಾಲೆಯಲ್ಲಿ ಏನಿದೆ ಅನ್ನೋದು ಪ್ರಶ್ನೆ.

ಪಾಠ ನಿಲ್ಲಲ್ಲ, ರಿಹರ್ಸಲ್ ನಿಲ್ತದೆ

ನಾಟಕ ಮಾಡಿಸಿದರೆ ಮಕ್ಕಳಿಗೆ ಧೈರ್ಯ ಬರ್ತದೆ, ಮಾತು ಬರ್ತದೆ ಅಂತ ಎಲ್ಲರೂ ಹೇಳ್ತಾರೆ. ಅದು ನಿಜವೇ. ಆದರೆ ಶಾಲೆ ಬಿಡೋ ಹುಡುಗನ ವಿಷಯದಲ್ಲಿ ಅದಕ್ಕಿಂತ ಸರಳವಾದ ಒಂದು ಕಾರಣ ಇದೆ. ನಲವತ್ತು ಮಕ್ಕಳ ಕ್ಲಾಸಲ್ಲಿ ಒಬ್ಬ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಒಂದು ಗುರುತು ಬೀಳ್ತದೆ, ಪಾಠ ಮುಂದೆ ಹೋಗ್ತದೆ. ಹನ್ನೆರಡು ಜನರ ನಾಟಕದಲ್ಲಿ ಒಬ್ಬ ಬರದಿದ್ದರೆ ಅವತ್ತಿನ ರಿಹರ್ಸಲ್ ಅಲ್ಲೇ ನಿಲ್ತದೆ. ಎದುರು ನಿಂತವನಿಗೆ ಮಾತು ಕೊಡೋರಿಲ್ಲ, ಮದ್ದಳೆ ಬಡಿಯೋನಿಲ್ಲ. ಉಳಿದ ಹನ್ನೊಂದು ಜನ "ಅವನೆಲ್ಲಿ?" ಅಂತ ಕೇಳ್ತಾರೆ. ಸಂಜೆ ಇಬ್ಬರು ಅವನ ಲೈನಿಗೇ ಹೋಗಿ ಬೈದು ಬರ್ತಾರೆ. ಮೇಷ್ಟ್ರು ಹೋಗಿ ಕರೆದರೆ ಬಾಗಿಲ ಹಿಂದೆ ನಿಲ್ಲೋ ಹುಡುಗ ಗೆಳೆಯರು ಬೈದರೆ ಬರ್ತಾನೆ.

ಈ ಒಂದು ಕಾರಣ ಇಟ್ಟುಕೊಂಡರೆ ಉಳಿದ ತೀರ್ಮಾನಗಳು ಸುಲಭ. ಯಾರಿಗೆ ಪಾತ್ರ ಕೊಡಬೇಕು? ಬರದೇ ಹೋಗೋ ಸಾಧ್ಯತೆ ಇರೋರಿಗೆ. ಯಾವಾಗ ಮಾಡಬೇಕು? ಅವರು ಬಿಟ್ಟುಹೋಗೋ ತಿಂಗಳಲ್ಲಿ. ನಮ್ಮ ಬಹುತೇಕ ಶಾಲೆಗಳಲ್ಲಿ ಆಗೋದು ಇದರ ಉಲ್ಟಾ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಇರುವಾಗ ಚೆನ್ನಾಗಿ ಮಾತಾಡೋ, ಚೆನ್ನಾಗಿ ಕಾಣೋ, ಮೊದಲ ಬೆಂಚಿನ ನಾಲ್ಕು ಮಕ್ಕಳನ್ನ ಆರಿಸ್ತಾರೆ. ಅವರು ಹೇಗಿದ್ರೂ ಶಾಲೆ ಬಿಡೋರಲ್ಲ. ಪ್ರತಿಭಾ ಕಾರಂಜಿಯಲ್ಲೂ ಅಷ್ಟೇ, ಸ್ಪರ್ಧೆ ಅಂದಮೇಲೆ ಗೆಲ್ಲೋರನ್ನೇ ಕಳಿಸ್ತಾರೆ. ಅದು ಬೇಡ ಅಂತ ಹೇಳ್ತಿಲ್ಲ, ಅದರಿಂದ ಹಿಂದಿನ ಬೆಂಚಿಗೆ ಏನೂ ತಲುಪಲ್ಲ ಅಂತ ಮಾತ್ರ ಹೇಳ್ತಿರೋದು.

ಬೇರೆ ಊರುಗಳಲ್ಲಿ ನಡೆದಿದ್ದು

ನಾಟಕಕ್ಕೂ ಓದಿಗೂ ಇರೋ ಸಂಬಂಧಕ್ಕೆ ಬಿ.ವಿ. ಕಾರಂತರ ಬದುಕಿಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಕಾರಂತರು ಹುಟ್ಟಿದ್ದು 1929ರಲ್ಲಿ, ಘಾಟಿ ಕೆಳಗಿನ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೇ ಕ್ಲಾಸಲ್ಲಿ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ ಹುಡುಗ ಆಮೇಲೆ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು. ಇವತ್ತಿನ ಲೆಕ್ಕದಲ್ಲಿ 'ಶಾಲೆ ಬಿಟ್ಟ ಮಗು'. ಆದರೆ ಅದೇ ಕಂಪನಿಯ ಗುಬ್ಬಿ ವೀರಣ್ಣನವರೇ ಅವರನ್ನ ಬನಾರಸ್‌ಗೆ ಎಂ.ಎ. ಓದೋಕೆ ಕಳಿಸಿದರು. ಮುಂದೆ ಕಾರಂತರು 1989ರಲ್ಲಿ ಮೈಸೂರಲ್ಲಿ ಶುರುವಾದ ರಂಗಾಯಣದ ಮೊದಲ ನಿರ್ದೇಶಕರಾದರು. ಮಕ್ಕಳಿಗಾಗಿ 'ಪಂಜರ ಶಾಲೆ' ಅನ್ನೋ ನಾಟಕವನ್ನೂ ಮಾಡಿದರು. ರವೀಂದ್ರನಾಥ ಟಾಗೋರರ ಗಿಳಿ ಕಥೆ ಆಧಾರದ್ದು. ಗಿಳಿಗೆ ವಿದ್ಯೆ ಕಲಿಸ್ತೀವಿ ಅಂತ ಪಂಜರಕ್ಕೆ ಹಾಕಿ ಪುಸ್ತಕ ತುರುಕೋ ಕಥೆ ಅದು. ಶಾಲೆ ಯಾಕೆ ಬೇಜಾರು ಅಂತ ಮಕ್ಕಳೇ ಸ್ಟೇಜ್ ಮೇಲೆ ಹೇಳೋಕೆ ಅದಕ್ಕಿಂತ ಬೇರೆ ಬೇಕಾ?

ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಹೆಸರು ಎಲ್ಲರೂ ಕೇಳಿರ್ತೀರಿ. ಅಡಿಕೆ ಬೆಳೆಯೋ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ಸಂಘ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ನಮ್ಮ ವಿಷಯಕ್ಕೆ ಹತ್ತಿರವಾದದ್ದು ಇವುಗಳಿಗಿಂತ 1980ರ ದಶಕದಲ್ಲಿ ಅವರು ಉತ್ತರ ಕನ್ನಡದ ಮಂಚೀಕೇರಿಯಲ್ಲಿ ಸಿದ್ದಿ ಸಮುದಾಯದ ಜೊತೆ ಮಾಡಿದ ಕೆಲಸ. ಕಾಡಂಚಿನ, ಕೂಲಿ ಮಾಡೋ, ಶಾಲೆ ಅಷ್ಟಾಗಿ ಕಾಣದ ಜನರನ್ನ ಸೇರಿಸಿ ನಾಟಕ ಕಟ್ಟಿದರು. ಆಮೇಲಿನ ತಲೆಮಾರಿನ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅದೇ ನೀನಾಸಂನಲ್ಲಿ ಕಲಿತು ರಂಗಭೂಮಿ, ಸಿನಿಮಾದಲ್ಲಿ ಹೆಸರು ಮಾಡಿದರು. ಒಂದು ನಾಟಕದಿಂದ ಇಷ್ಟೆಲ್ಲ ಆಯ್ತು ಅಂತ ನಾನು ಹೇಳಲ್ಲ. ಆದರೆ "ಇದು ನಮ್ಮಂಥವರಿಗೆ ಅಲ್ಲ" ಅನ್ನೋ ಮಾತು ಒಂದು ಸಲ ಮುರಿದರೆ ಹಿಂದೆ ಬರೋ ಮಕ್ಕಳಿಗೆ ದಾರಿ ಕಾಣ್ತದೆ. ಮೂಡಿಗೆರೆ, ಕಳಸದ ಹಾಡಿ ಮಕ್ಕಳಿಗೂ ಲೈನ್ ಮಕ್ಕಳಿಗೂ ಆ ಮಾತು ಅಷ್ಟೇ ಗಟ್ಟಿಯಾಗಿ ಅಂಟಿದೆ.

ಶರಾವತಿ ಹಿನ್ನೀರಿನ ಆಚೆ ತುಮರಿಯಲ್ಲಿ ಕಿನ್ನರ ಮೇಳ ಅಂತ ಇದೆ, ಮಕ್ಕಳ ನಾಟಕಗಳನ್ನ ಶಾಲೆಗಳಿಗೇ ಕೊಂಡೊಯ್ದು ಆಡೋ ತಂಡ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ತಿರುಗ್ತಿದೆ. ಇವು ತೋರಿಸೋದು ಒಂದೇ, ನಾಟಕ ಬೆಂಗಳೂರು, ಮೈಸೂರಿನ ಸ್ವತ್ತಲ್ಲ.

ಆದರೆ ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸಿದ್ದು ಉಡುಪಿಯದು. ಅಲ್ಲಿನ ಯಕ್ಷಗಾನ ಕಲಾರಂಗ 1975ರಲ್ಲಿ ಶುರುವಾದ ಸಂಸ್ಥೆ. ಉಡುಪಿಯ ಹೈಸ್ಕೂಲುಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಮಕ್ಕಳಿಗೆ ಹೆಜ್ಜೆ, ಮಾತುಗಾರಿಕೆ ಕಲಿಸಿ, ಕೊನೆಗೆ ಪೂರ್ತಿ ವೇಷ ಕಟ್ಟಿಸಿ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಪ್ರಸಂಗ ಆಡಿಸ್ತಾರೆ. ಹುಡುಗಿಯರೂ ವೇಷ ಹಾಕ್ತಾರೆ. ಇದರ ಜೊತೆಗೆ ಕಲಾರಂಗ 'ವಿದ್ಯಾಪೋಷಕ್' ಅನ್ನೋ ಯೋಜನೆಯಲ್ಲಿ ಬಡ ವಿದ್ಯಾರ್ಥಿಗಳಿಗೆ ಮುಂದೆ ಓದೋಕೆ ಸಹಾಯಧನ ಕೊಡ್ತದೆ. ಮನೆ ಸರಿ ಇಲ್ಲದ ವಿದ್ಯಾರ್ಥಿಗಳಿಗೆ ದಾನಿಗಳನ್ನ ಹಿಡಿದು ಮನೆಯನ್ನೇ ಕಟ್ಟಿಸಿಕೊಟ್ಟಿದೆ. ಕಲೆಯ ಸಂಸ್ಥೆಯೊಂದು ಮಗುವಿನ ಮನೆ ತನಕ ಹೋಗಿ ಫೀಸು, ಸೂರು ಎರಡನ್ನೂ ನೋಡಿದೆ. ನಾಟಕವೊಂದೇ ಮಗುವನ್ನ ಉಳಿಸಲ್ಲ ಅನ್ನೋದನ್ನ ಅವರು ಭಾಷಣ ಮಾಡದೇ ಒಪ್ಪಿಕೊಂಡ ಹಾಗೆ.

ನಿಂತುಹೋಗೋ ನಾಟಕ

ಬ್ರೆಜಿಲ್‌ನ ಅಗಸ್ಟೋ ಬೋಲ್ (1931–2009) ಒಂದು ಬೇರೆ ಥರದ ನಾಟಕ ಶುರುಮಾಡಿದ್ದ. ಅದನ್ನ ಫೋರಂ ಥಿಯೇಟರ್ ಅಂತಾರೆ. ಹತ್ತು ನಿಮಿಷದ ನಾಟಕ, ಕೊನೆಗೆ ತೊಂದರೆ ಬಗೆಹರಿಯಲ್ಲ. ಮತ್ತೆ ಮೊದಲಿಂದ ಆಡ್ತಾರೆ. ಈ ಸಲ ನೋಡೋರಲ್ಲಿ ಯಾರಾದರೂ "ನಿಲ್ಲಿಸಿ" ಅನ್ನಬಹುದು, ಎದ್ದು ಬಂದು ಆ ಪಾತ್ರದ ಜಾಗದಲ್ಲಿ ನಿಂತು ತಾನಾದರೆ ಏನು ಮಾಡ್ತಿದ್ದೆ ಅಂತ ಆಡಿ ತೋರಿಸಬಹುದು. ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ 1985ರಿಂದ ಹಳ್ಳಿಗಳಲ್ಲಿ ಕೆಲಸ ಮಾಡ್ತಾ ಬಂದಿದ್ದು, ಇದೇ ಕ್ರಮವನ್ನ ಬಾಲ್ಯವಿವಾಹದಂಥ ವಿಷಯಕ್ಕೆ ಬಳಸಿದೆ.

ನಮ್ಮ ಕಡೆ ಇದು ಹೇಗಿರಬಹುದು? ಅಪ್ಪ ಹೇಳ್ತಾನೆ, "ಒಂದು ತಿಂಗಳು ಹಣ್ಣು ಕುಯ್ಯೋ, ಆಮೇಲೆ ಹೋಗುವಿಯಂತೆ." ತೋಟದ ರೈಟರ್ ಲೆಕ್ಕ ಬರೀತಾನೆ. ಮೇಷ್ಟ್ರು ಫೋನ್ ಮಾಡ್ತಾರೆ, ಅಪ್ಪ ಎತ್ತಲ್ಲ. ಹುಡುಗ ನಡುವೆ ನಿಂತಿದ್ದಾನೆ. ಅಲ್ಲಿಗೆ ನಾಟಕ ನಿಲ್ತದೆ. ಈಗ ನೋಡೋಕೆ ಬಂದವರು ಅಪ್ಪನ ಜಾಗಕ್ಕೆ, ರೈಟರ್ ಜಾಗಕ್ಕೆ, ಮೇಷ್ಟ್ರ ಜಾಗಕ್ಕೆ ಬರಬೇಕು. ಒಬ್ಬ ತೋಟದ ಮಾಲೀಕರೇ ಎದ್ದು ಬಂದು ಅಪ್ಪನ ಪಾತ್ರ ಮಾಡಿದರೆ ಹೇಗಿರ್ತದೆ ಅಂತ ಸುಮ್ನೆ ಯೋಚಿಸಿ.

ಇದನ್ನ ಆಡೋಕೆ ಜಾಗವೂ ಇದೆ. ಗ್ರಾಮ ಪಂಚಾಯ್ತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು, ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆ ಆಸುಪಾಸಲ್ಲಿ ಆಗ್ತದೆ. ಎಷ್ಟೋ ಕಡೆ ಅದು ಹಾರ, ಭಾಷಣ, ಬಿಸ್ಕತ್ತಿಗೆ ಮುಗೀತದೆ. ಬಸ್ಸಿಲ್ಲ, ಶೌಚಾಲಯಕ್ಕೆ ನೀರಿಲ್ಲ ಅಂತ ಮಗು ಅರ್ಜಿ ಓದಿದರೆ ಅಧ್ಯಕ್ಷರು "ಪರಿಶೀಲಿಸ್ತೀವಿ" ಅಂತಾರೆ. ಅದನ್ನೇ ಆಡಿ ತೋರಿಸಿ, ಪಿಡಿಒ ಜಾಗಕ್ಕೆ ಪಿಡಿಒ ಅವರನ್ನೇ ಕರೆದರೆ ಉತ್ತರ ಕೊಡದೇ ಇರೋದು ಕಷ್ಟ.

ಒಂದು ಎಚ್ಚರಿಕೆ. ಮಗುವಿನ ಸ್ವಂತ ಮನೆ ಕಥೆಯನ್ನ ಸ್ಟೇಜ್ ಮೇಲೆ ತರಬೇಡಿ. ಕುಡಿಯೋ ಅಪ್ಪನ ಪಾತ್ರ ಬಂದರೆ ಅದು ಯಾರ ಮನೆ ಅಂತ ಬಾಳೂರಂಥ ಊರಲ್ಲಿ ಎರಡೇ ನಿಮಿಷಕ್ಕೆ ಗೊತ್ತಾಗ್ತದೆ. ಮರುದಿನ ಮಗುವಿಗೆ ಪೆಟ್ಟು, ಆಮೇಲೆ ಶಾಲೆಯೇ ಬೇಡ. ಊರ ಹೆಸರು ಬದಲಿಸಿ, ಎರಡು ಮೂರು ಮಕ್ಕಳ ಕಥೆ ಕಲೆಸಿ, ಇಲ್ಲಾಂದ್ರೆ ಪ್ರಾಣಿಗಳ ಕಥೆ ಮಾಡಿ.

ನಮ್ಮ ಕಡೆ ಮಾಡೋದಾದರೆ

ಜೂನ್, ಜುಲೈ, ಆಗಸ್ಟ್ ಮಳೆಯಲ್ಲಿ ಹೊರಗಿನ ಕೆಲಸ ಆಗಲ್ಲ, ರಜೆಗಳೇ ಜಾಸ್ತಿ. 2019ರ ಆಗಸ್ಟಲ್ಲಿ ಗುಡ್ಡ ಜಾರಿದ್ದು ಯಾರಿಗೂ ಮರೆತಿಲ್ಲ. ಆ ತಿಂಗಳುಗಳಲ್ಲಿ ಕ್ಲಾಸ್ ಒಳಗೇ ಕೂತು ಆಗೋ ಕೆಲಸ ಮಾಡಬಹುದು: ಕಥೆ ಆರಿಸೋದು, ಓದೋದು, ಹಾಡು ಕಟ್ಟೋದು. ಓದೋಕೆ ತಡವರಿಸೋ ಮಗು ಸ್ಕ್ರಿಪ್ಟ್ ಅಂತ ಕೊಟ್ಟರೆ ಓದ್ತದೆ, ಯಾಕಂದ್ರೆ ಅದರಲ್ಲಿ ತನ್ನ ಮಾತು ಎಲ್ಲಿದೆ ಅಂತ ಹುಡುಕಬೇಕು. ದಸರಾ ರಜೆ ಆದಮೇಲೆ ಪಾತ್ರ ಹಂಚಿಕೆ. ನಿಜವಾದ ರಿಹರ್ಸಲ್ ನವೆಂಬರಿಂದ ಫೆಬ್ರುವರಿ ತನಕ, ಕೊಯ್ಲಿನ ಜೊತೆಜೊತೆಗೇ. ಎಂಟು, ಒಂಬತ್ತನೇ ಕ್ಲಾಸಿನವರು ಪೂರ್ತಿ ಇರಲಿ. ಹತ್ತನೆಯವರನ್ನ ಡಿಸೆಂಬರ್‌ಗೇ ಬಿಟ್ಟುಬಿಡಿ, ಇಲ್ಲಾಂದ್ರೆ ರಿಸಲ್ಟ್ ಕಡಿಮೆ ಬಂದರೆ ಹೆಡ್‌ಮಾಸ್ಟರು ನಾಟಕದ ಮೇಲೇ ಹಾಕ್ತಾರೆ.

ರಿಹರ್ಸಲ್ ಶಾಲೆ ಬಿಟ್ಟ ಮೇಲೆ ಇಡಬೇಡಿ. ಸಂಜೆ ಬಸ್ ತಪ್ಪಿದರೆ ಮಗು ತೋಟದ ದಾರಿಯಲ್ಲಿ ನಡೀಬೇಕು, ಮೂಡಿಗೆರೆ ತಾಲ್ಲೂಕಲ್ಲಿ ಆನೆ ಕಾಟ ಹೇಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ ಫ್ರೀ, ಸರಿ. ಆದರೆ ಖಾಸಗಿ ಬಸ್ಸಿಗೆ ಅದು ನಡೆಯಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಕೊನೆಯ ಪೀರಿಯಡ್, ಜೊತೆಗೆ ಶನಿವಾರ ಬೆಳಿಗ್ಗೆ. ಶನಿವಾರವೇ ಯಾಕೆ ಅಂದ್ರೆ ತಪ್ಪಿಸೋದು ಶುರುವಾಗೋದೇ ಅವತ್ತಿಂದ.

ಬರದ ಹುಡುಗನ ಪಾತ್ರವನ್ನ ತಕ್ಷಣ ಕಿತ್ತುಕೊಳ್ಳಬೇಡಿ. "ಅಟೆಂಡೆನ್ಸ್ ಇಲ್ಲಾಂದ್ರೆ ಪಾತ್ರ ಇಲ್ಲ" ಅನ್ನೋ ರೂಲ್ಸ್ ಕೇಳೋಕೆ ಸರಿ, ಆದರೆ ಯಾರನ್ನ ಉಳಿಸಬೇಕಿತ್ತೋ ಅವನನ್ನೇ ಮೊದಲು ಹೊರಗೆ ಹಾಕ್ತದೆ. ಒಂದು ಪಾತ್ರಕ್ಕೆ ಇಬ್ಬರನ್ನ ತಯಾರು ಮಾಡಿ, ಜಾಗ ಖಾಲಿ ಇಡಿ, ಮನೆಗೆ ಹೋಗಿ ಬನ್ನಿ. ಮಾತಾಡೋಕೆ ನಾಚೋರಿಗೆ ಲೈಟು, ಪರದೆ, ತಾಳ. ಕಾಫಿ ಗೋಣಿಚೀಲದಲ್ಲಿ ಎಂಥ ಸೆಟ್ ಬೇಕಾದರೂ ಆಗ್ತದೆ. ಮನೆಯಲ್ಲಿ ತುಳು, ಬ್ಯಾರಿ, ತಮಿಳು ಆಡೋ ಮಕ್ಕಳಿದ್ದಾರೆ, ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಅವರ ಮಾತು, ಹಾಡು ನಾಟಕದೊಳಗೆ ಬರಲಿ. ಕನ್ನಡ ಸರಿಯಾಗಿ ಬರಲ್ಲ ಅಂತ ಕ್ಲಾಸಲ್ಲಿ ಬಾಯಿ ಮುಚ್ಚಿ ಕೂತ ಮಗು ಇಲ್ಲಿ ಬಾಯಿ ಬಿಡ್ತದೆ.

ಯಾವ ನಾಟಕ? ಕಾರಂತರು ಮೂರನೇ ಕ್ಲಾಸಲ್ಲಿ ಆಡಿದ ಆ 'ನನ್ನ ಗೋಪಾಲ' ಕುವೆಂಪು ಅವರದು, ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದ ಹಾಗಿದೆ. ಬಡ ತಾಯಿಯ ಮಗ ಕಾಡುದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗೋಕೆ ಹೆದರೋ ಕಥೆ. ವೈದೇಹಿಯವರ 'ನಾಯಿಮರಿ ನಾಟಕ', 'ಧಾಂ ಧೂಂ ಸುಂಟರಗಾಳಿ' ಇವೆ. ಕಾಪಿರೈಟ್ ಬಗ್ಗೆ ಗೊತ್ತಿರಲಿ: ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು ಆಡಿ, ಮಕ್ಕಳು, ಶಿಕ್ಷಕರು, ಪೋಷಕರು ಮಾತ್ರ ನೋಡೋದಾದರೆ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಇದೆ. ಊರ ಜಾತ್ರೆಯಲ್ಲಿ ಎಲ್ಲರಿಗೂ ಆಡೋದಾದರೆ ಹಕ್ಕುದಾರರ ಅನುಮತಿ ತಗೋಬೇಕು.

ಹೇಳಿಕೊಡೋರು ಬೇಕು ಅಂದರೆ ಹೆಗ್ಗೋಡು, ಶಿವಮೊಗ್ಗ ರಂಗಾಯಣದಲ್ಲಿ ಕಲಿತವರನ್ನ ವಿಚಾರಿಸಬಹುದು. ಚಿಕ್ಕಮಗಳೂರಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ, ಇಲ್ಲೇ ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನದಲ್ಲಿ ಕೇಳಿದರೆ ಹೆಸರು ಸಿಗಬಹುದು. ಹೊರಗಿನ ಅಧಿಕಾರಿ ದಾರಿಯಲ್ಲಿ ಮೊದಲು ಮೂಡಿಗೆರೆ ಬಿಇಒ ಕಚೇರಿಗೆ ಒಂದು ಪತ್ರ, ಎಸ್‌ಡಿಎಂಸಿ ತೀರ್ಮಾನದ ಜೊತೆ. ಯಾರೇ ಬರಲಿ, ರಿಹರ್ಸಲ್‌ನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಅದರಲ್ಲಿ ಒಬ್ಬರು ಶಿಕ್ಷಕಿಯಾದರೆ ಒಳ್ಳೇದು. ಒಬ್ಬರೇ ದೊಡ್ಡವರ ಜೊತೆ ಮಗುವನ್ನ ಬಿಡಬೇಡಿ.

ಅಂಗಡಿಯವರು, ತೋಟದವರು

ರಿಹರ್ಸಲ್ ದಿನ ತಿಂಡಿ, ಒಂದು ಮೈಕ್ ಸೆಟ್, ಹಳೇ ಬಟ್ಟೆ, ಬಸ್ ಇಲ್ಲದ ದಿನ ಒಂದು ಜೀಪ್. ಸಹಾಯ ಅಂದರೆ ಇಷ್ಟೇ, ದೊಡ್ಡದೇನಲ್ಲ. ಕೊಟ್ಟೋರ ಫ್ಲೆಕ್ಸ್ ಹಾಕೋದಾದರೆ ಹಾಕಿ, ಆದರೆ 'ಶಾಲೆ ಬಿಟ್ಟ ಮಕ್ಕಳ ನಾಟಕ' ಅಂತ ಮಕ್ಕಳ ಫೋಟೋ ಮೇಲೆ ಬರೀಬೇಡಿ ಮಾರಾಯ್ರೆ.

ಅಂಗಡಿಯಲ್ಲಿ ಹುಡುಗರನ್ನ ಇಟ್ಟುಕೊಳ್ಳೋರಿಗೆ ಇನ್ನೊಂದು ಮಾತು. 14ರ ಒಳಗಿನವರನ್ನ ಕೆಲಸಕ್ಕೆ ಇಟ್ಟರೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. 15ರ ಹುಡುಗನಾದರೆ ಕೇಸ್ ಆಗದಿರಬಹುದು, ಆದರೆ ಬೆಳಿಗ್ಗೆ ಹತ್ತೂವರೆಗೆ ಅವನು ನಿಮ್ಮ ಅಂಗಡಿಯಲ್ಲಿ ಟೀ ಲೋಟ ತೊಳೀತಿದ್ದರೆ ಅವನು ಎಲ್ಲಿಂದ ತಪ್ಪಿಸಿ ಬಂದಿದ್ದಾನೆ ಅಂತ ನಿಮಗೂ ಗೊತ್ತು. ತೋಟದವರು ಕೊಯ್ಲಿನ ಲೆಕ್ಕ ಬರೆಯುವಾಗ ಹೈಸ್ಕೂಲ್ ಮಕ್ಕಳ ಹೆಸರು ಶಾಲೆ ಇರೋ ದಿನ ಬರೆಯಬೇಡಿ ಅಂತ ರೈಟರಿಗೆ ಹೇಳಿದರೆ ನಾಟಕಕ್ಕಿಂತ ಜಾಸ್ತಿ ಕೆಲಸ ಅದೇ ಮಾಡ್ತದೆ. ತೋಟ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಯಾವುದಿದೆ ಅಂತ ಕಾಫಿ ಬೋರ್ಡ್ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ತುಂಬಿಸೋದೂ ಮಾಲೀಕರೇ ಮಾಡಬಹುದಾದ ಕೆಲಸ. ಲೈನ್ ಮನೆಯವರಿಗೆ ಆ ಅರ್ಜಿ ಎಲ್ಲಿ ಸಿಗ್ತದೆ ಅಂತಲೇ ಗೊತ್ತಿರಲ್ಲ.

ರಿಹರ್ಸಲ್‌ಗೆ ಬರ್ತಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ನಿಂತರೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಮದುವೆ ಮಾತುಕತೆ ಇರಬಹುದು. 18ರ ಒಳಗೆ ಹುಡುಗಿಯ ಮದುವೆ ಮಾಡೋದು 2006ರ ಕಾಯ್ದೆ ಪ್ರಕಾರ ಅಪರಾಧ. ಕರ್ನಾಟಕದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿಂದಲೇ ಊರ್ಜಿತ ಅಲ್ಲ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕಟ್ ಆಗಲ್ಲ.